ಅತ್ತೆ ಹತ್ತಿದರೆ ಮಾತಾಡುವ ರೇಡಿಯೊ

ಕಳೆದ ವಾರ ನನ್ನ ಮೊಬೈಲು ಚಾರ್ಜ್ ಆಗುವುದನ್ನು ನಿಲ್ಲಿಸಿಬಿಟ್ಟಿತು. ಇಲ್ಲಿ ಮಲೇಶಿಯಾದ ಕ್ಲಾಂಗ್ ಪೇಟೆಯ ಒಂದು ಸಣ್ಣ ರಿಪೇರಿ ಅಂಗಡಿಗೆ ಹೋಗಿ, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಅಂಗಡಿಯ ಹೆಂಗಸು ಅದರ ಹೊಟ್ಟೆ ಬಿಚ್ಚುವುದನ್ನು ಆಸ್ಪತ್ರೆಯ ವರಾಂಡದಲ್ಲಿ ಕೂತ ನೆಂಟನ ಹಾಗೆ ನೋಡುತ್ತಿದ್ದೆ. ಆಕೆ ಸಾಲ್ಡರಿಂಗ್ ಕಡ್ಡಿಯ ತುದಿಯನ್ನು ರಾಳಕ್ಕೆ ಮುಟ್ಟಿಸಿದಳು. ಒಂದೆಳೆ ಹೊಗೆ ಎದ್ದು ನೇರ ನನ್ನ ಮೂಗಿಗೆ ಬಂತು. ಆ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಅರ್ಧ ಸಾಂಬ್ರಾಣಿ, ಅರ್ಧ ಸುಟ್ಟ ವೈರು. ದೇವರ ಮನೆಗೂ ಗ್ಯಾರೇಜಿಗೂ ನಡುವೆ ಎಲ್ಲೋ ಇರುವಂಥ ವಾಸನೆ.

ನಾನು ಸ್ಟೂಲಿನ ಮೇಲೆಯೇ ಇದ್ದೆ. ಆದರೆ ಮನಸ್ಸು ನಮ್ಮ ಮನೆಯ ಪೋರ್ಚಿಗೆ ಹೋಗಿ, ಪಿಕಪ್ಪಿನ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲೆರಡನ್ನೂ ಹೊರಗೆ ಚಾಚಿ ಅಂಗಾತ ಮಲಗಿಬಿಟ್ಟಿತು. ಲಾಕ್‌ಡೌನಿನ ಕಾಲದಲ್ಲಿ ನಾನು ಬಹಳ ದಿನ ಅದೇ ಭಂಗಿಯಲ್ಲಿದ್ದೆ. ಆಗ ನಮ್ಮ ಬೀದಿಯವರಿಗೆ ನನ್ನ ಮುಖಕ್ಕಿಂತ ಪಾದಗಳ ಪರಿಚಯವೇ ಹೆಚ್ಚಿತ್ತು.

ನಾನು ಬಂದರಿನ ಹತ್ತಿರ ಒಂದು ಸರಕು ಸಾಗಣೆ ಕಂಪನಿಯಲ್ಲಿ ಸಾಫ್ಟ್‌ವೇರ್ ನೋಡಿಕೊಳ್ಳುವವನು. ಯಾವ ಕಂಟೇನರು ಯಾವ ಹಡಗಿನಲ್ಲಿ ಯಾವ ಸಮುದ್ರದ ನಡುವೆ ಇದೆ ಎಂದು ಪರದೆಯ ಮೇಲೆ ತೋರಿಸಬಲ್ಲೆ. ಮನೆಯ ಫ್ಯೂಸ್ ಎಲ್ಲಿದೆ ಎಂದು ಕೇಳಿದರೆ ಹೆಂಡತಿಯ ಕಡೆ ನೋಡುತ್ತೇನೆ. ಇಂಥವನನ್ನು ಸರ್ಕಾರ ಒಂದು ದಿನ ಮನೆಯಿಂದಲೇ ಕೆಲಸ ಮಾಡು ಅಂದಿತು. ಮನೆಯಿಂದ ಕೆಲಸ ಮಾಡುವವನಿಗೆ ಮನೆಯ ಕೆಲಸವೂ ಕಣ್ಣಿಗೆ ಬೀಳುತ್ತದಲ್ಲ? ಕುಕ್ಕರಿನ ಸೀಟಿಯ ಬಗ್ಗೆ, ಹುಳಿಗೆ ಹಾಕುವ ಬೆಲ್ಲದ ಬಗ್ಗೆ ನಾನು ಸಲಹೆ ಕೊಡತೊಡಗಿದೆ. ನನ್ನ ಹೆಂಡತಿ ಸುಮಾ ಬಹಳ ಸಹನೆಯವಳು. ಒಂದು ತಿಂಗಳು ಸಹಿಸಿ, ಆಮೇಲೆ ಸೌಟನ್ನು ಮೆಲ್ಲಗೆ ಕೆಳಗಿಟ್ಟು, “ದಯವಿಟ್ಟು ಮನೆಯಿಂದ ಆಚೆ ಹೋಗಿ ಮಾಡೋ ಅಂಥ ಒಂದು ಕೆಲಸ ಹುಡುಕ್ಕೊಳ್ಳಿ,” ಅಂದಳು.

ಆಗ ಮನೆಯಲ್ಲಿ ಇನ್ನೊಬ್ಬರಿದ್ದರು. ನನ್ನ ಸೋದರತ್ತೆ ಕಮಲತ್ತೆ. ಅರಸೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಅಲ್ಲೇ ನಿವೃತ್ತರಾದವರು. ಮದುವೆಯಾಗಲಿಲ್ಲ. ಕೇಳಿದವರಿಗೆ “ಡ್ಯೂಟಿ ಇತ್ತು” ಅನ್ನುತ್ತಿದ್ದರು. ಮಲೇಶಿಯಾ ನೋಡಿಕೊಂಡು ಒಂದು ತಿಂಗಳಲ್ಲಿ ವಾಪಸು ಬರುತ್ತೇನೆಂದು ಪಕ್ಕದ ಮನೆಯವರಿಗೆ ತುಳಸಿಗೆ ನೀರು ಹಾಕಲು ಹೇಳಿ ಬಂದಿದ್ದರು. ಬಂದ ಎರಡನೇ ವಾರಕ್ಕೆ ವಿಮಾನಗಳು ನಿಂತವು. ನೋಡಿದ್ದು ಒಂದು ಮುರುಗನ ಗುಡಿ, ಒಂದು ಮಾಲ್, ಆಮೇಲೆ ನಮ್ಮ ಮನೆಯ ಗೋಡೆಗಳು.

ಮೊದಮೊದಲು ಅವರಿಗೆ ಎಲ್ಲ ಖುಷಿಯಾಗಿಯೇ ಇತ್ತು. ಹಪ್ಪಳ ಮಾಡಿದರು, ಪರದೆ ಹೊಲಿದರು. ನಂತರ ಮಾತು ಕಡಿಮೆಯಾಗುತ್ತ ಬಂತು. ಊರಿನವರ ಜತೆ ವಿಡಿಯೊ ಕಾಲ್ ಮಾಡಿಕೊಟ್ಟರೆ ಮುಖ ತಿರುಗಿಸುತ್ತಿದ್ದರು. “ಮಾತಾಡೋಕೆ ಮುಖ ಯಾಕೋ ಬೇಕು? ಮುಖ ನೋಡ್ತಾ ಕೂತ್ರೆ ಮಾತೇ ಕೇಳಿಸಲ್ಲ,” ಅನ್ನುತ್ತಿದ್ದರು. ಕೊನೆಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಖಾಲಿ ರಸ್ತೆ ನೋಡುತ್ತ ಕೂರುವುದೇ ಅವರ ದಿನಚರಿಯಾಯಿತು. ಊಟಕ್ಕೆ ಕರೆದರೆ ಬರುತ್ತಿದ್ದರು, ಉಪ್ಪು ಬೇಕಾ ಅಂದರೆ ತಲೆಯಾಡಿಸುತ್ತಿದ್ದರು. ಸುಮಾ ಒಂದು ದಿನ ತಗ್ಗಿದ ದನಿಯಲ್ಲಿ, “ಅತ್ತೆ ನಿನ್ನೆಯಿಂದ ಒಂದು ಮಾತೂ ಆಡಿಲ್ಲ ಕಣ್ರೀ. ನನಗೆ ಭಯ ಆಗ್ತಿದೆ,” ಅಂದಳು. ನನಗೂ ಆಗುತ್ತಿತ್ತು. ಜೀವಮಾನವೆಲ್ಲ ಊರಿಗೆ ಊರನ್ನೇ ಮಾತಾಡಿಸಿದವರು ನಮ್ಮ ಮನೆಯಲ್ಲಿ ಬಂದು ಮೂಕರಾಗುತ್ತಿದ್ದರು. ಏನು ಮಾಡಬೇಕೋ ನಮಗೆ ತಿಳಿಯುತ್ತಿರಲಿಲ್ಲ.

ಇಲ್ಲಿ ಸೆಲ್ವಂ ಅಣ್ಣ ಬರುತ್ತಾರೆ. ಪಕ್ಕದ ಮನೆಯವರು, ನಿವೃತ್ತ ಪಿ.ಟಿ. ಮೇಷ್ಟ್ರು. ತಮಿಳರು. ಅವರ ಅಜ್ಜನ ಕಾಲದಿಂದ ಇಲ್ಲೇ ಇರುವವರು. ನಾನು ಅವರ ಜತೆ ಹರಕು ತಮಿಳು ಮಾತಾಡುತ್ತಿದ್ದೆ. ಅವರು ನನ್ನ ಮೇಲಿನ ಕರುಣೆಯಿಂದ ಅರ್ಧ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು. ಸೀಟಿ ಊದಿ ಊದಿ ಅವರಿಗೆ ಮೆಲ್ಲಗೆ ಮಾತಾಡುವ ಅಭ್ಯಾಸವೇ ತಪ್ಪಿಹೋಗಿತ್ತು. ಅವರೂ ಅವರ ಕೆಲವು ಗೆಳೆಯರೂ ಸೇರಿ ಪರವಾನಗಿ ಪಡೆದು, ಎಣ್ಣೆತಾಳೆ ತೋಟಗಳೊಳಗಿನ ಕೂಲಿಕಾರರ ಲೈನ್ ಮನೆಗಳಿಗೆ, ಹಾಸ್ಟೆಲಿನಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಗಳಿಗೆ ಪಿಕಪ್ಪುಗಳಲ್ಲಿ ಅಕ್ಕಿ ತರಕಾರಿ ಹಂಚುತ್ತಿದ್ದರು. ನನ್ನ ಹತ್ತಿರವೂ ಒಂದು ಹಳೇ ಪಿಕಪ್ಪಿತ್ತು. ಊರಿಗೆ ಮರಳಿದ ಸಹೋದ್ಯೋಗಿಯೊಬ್ಬ ನನ್ನ ತಲೆಗೆ ಕಟ್ಟಿ ಹೋದದ್ದು. ನಾನೂ ಬರಲಾ ಎಂದು ಕೇಳಿದೆ.

“ಬಾ ತಂಬಿ, ಬಾ. ಆದ್ರೆ ರೇಡಿಯೊ ಹಾಕಿಸ್ಕೋಬೇಕು ಲಾ,” ಅಂದರು ಸೆಲ್ವಂ. “ತೋಟದ ಒಳಗೆ ಫೋನ್ ಸಿಗ್ನಲ್ ಇರಲ್ಲ. ಒಬ್ಬನ ಗಾಡಿ ಕೆಸರಲ್ಲಿ ಹೂತ್ರೆ ಇನ್ನೊಬ್ಬನಿಗೆ ಹೇಗೆ ಗೊತ್ತಾಗಬೇಕು?”

ರೇಡಿಯೊ ಅಂದರೆ ಹಾಡು ಬರುವಂಥದ್ದಲ್ಲ. ಸಿ.ಬಿ. ರೇಡಿಯೊ. ಪೊಲೀಸರ ವೈರ್‌ಲೆಸ್ಸಿನ ಬಡ ನೆಂಟ. ಜನಸಾಮಾನ್ಯರಿಗೆಂದೇ ಬಿಟ್ಟುಕೊಟ್ಟ ಕೆಲವು ಚಾನೆಲ್ಲುಗಳಿವೆ, ಸಿಮ್ಮು ಬೇಡ, ಟವರು ಬೇಡ. ಮೈಕಿನ ಗುಂಡಿ ಒತ್ತಿದರೆ ನಾವು ಮಾತಾಡಬೇಕು, ಬಿಟ್ಟರೆ ಎದುರಿನವರದ್ದು ಕೇಳಿಸಿಕೊಳ್ಳಬೇಕು. ಎರಡೂ ಒಟ್ಟಿಗೆ ಆಗುವುದಿಲ್ಲ. ಇದನ್ನು ವಿವರಿಸಿದಾಗ ಸುಮಾ, “ಇದೊಂದು ಗುಂಡಿ ಮನುಷ್ಯರಿಗೂ ಇದ್ದಿದ್ರೆ,” ಅಂದು ನನ್ನನ್ನೇ ನೋಡಿದಳು.

ಸೆಲ್ವಂ ತಮ್ಮ ಸ್ಟೋರ್ ರೂಮಿನಿಂದ ಒಂದು ಹಳೇ ಸೆಟ್ಟು ತಂದರು. ಚಪ್ಪಟೆ ಟಿಫಿನ್ ಡಬ್ಬಿಯಷ್ಟು ಗಾತ್ರ. ಸುರುಳಿ ವೈರಿನ ಮೈಕು. ಜತೆಗೆ ನನ್ನ ಎತ್ತರಕ್ಕಿಂತ ಸ್ವಲ್ಪ ಕಡಿಮೆಯ ಆಂಟೆನಾ ಕಡ್ಡಿ. ಇಬ್ಬರೂ ಮಾಸ್ಕ್ ಹಾಕಿಕೊಂಡು, ನಡುವೆ ನಿಯಮದಷ್ಟು ಅಂತರ ಬಿಟ್ಟು ಕೆಲಸ ಶುರು ಮಾಡಿದೆವು. ಒಂದು ಸ್ಕ್ರೂ ಡ್ರೈವರನ್ನು ಒಬ್ಬರಿಂದ ಒಬ್ಬರಿಗೆ ಎಸೆದಾಡುತ್ತ ಪಿಕಪ್ಪಿನ ಒಳಗೆ ಅಂತರ ಕಾಯುವುದು ಎಷ್ಟು ಕಷ್ಟವೆಂದು ಆ ನಿಯಮ ಬರೆದವರಿಗೆ ಗೊತ್ತಿರಲಾರದು.

ಡ್ಯಾಶ್‌ಬೋರ್ಡಿನ ಕೆಳಗೆ ಸೆಟ್ಟನ್ನು ಬಿಗಿದೆವು. ಆಂಟೆನಾವನ್ನು ಹಿಂದಿನ ತೊಟ್ಟಿಯ ಎಡ ಅಂಚಿಗೆ ಕೂರಿಸಿದೆವು. ಗಾಡಿಯನ್ನು ಗೇಟಿನ ಹೊರಗೆ ತಂದು, ಆಂಟೆನಾದಿಂದ ದಪ್ಪನೆಯ ಕಪ್ಪು ಕೇಬಲನ್ನು ಮುಂದಕ್ಕೆ ಎಳೆದು, ಎಡಬಾಗಿಲ ಸಂದಿಯಿಂದ ಒಳಗೆ ತಂದು, ಕಾರ್ಪೆಟ್ಟಿನಡಿ ಮುಚ್ಚಿ ಸೆಟ್ಟಿಗೆ ಸಿಕ್ಕಿಸಿದೆವು. ಕರೆಂಟಿಗೆ ಸಿಗರೇಟು ಹೊತ್ತಿಸುವ ಸಾಕೆಟ್ಟು. ಎಲ್ಲ ಮುಗಿದು ಗಾಡಿಯನ್ನು ಮತ್ತೆ ಪೋರ್ಚಿಗೆ ಸೇರಿಸಿದ ಮೇಲೆ ಸೆಲ್ವಂ ತಮ್ಮ ಗಾಡಿಯಲ್ಲಿ ಕೂತರು, ನಾನು ನನ್ನದರಲ್ಲಿ. ಇಂಜಿನ್ ಶುರು ಮಾಡಿ ಸೆಟ್ಟು ಹಚ್ಚಿದೆ.

ಗುಂಯ್ ಅಂತ ಒಂದು ಸದ್ದು. ಆಕ್ಸಿಲರೇಟರ್ ಒತ್ತಿದರೆ ಗುಂಯ್ಯೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಸ್ಪೀಕರಿನೊಳಗೆ ಯಾರೋ ಸಂಗೀತ ಕಲಿಯುತ್ತಿರುವ ಹಾಗೆ. ಸೆಲ್ವಂ ಗೇಟಿನ ಆಚೆಯಿಂದ, “ಕೇಳ್ತಿದೆಯಾ ತಂಬಿ?” ಎಂದು ಕೂಗಿದರು. ಕೇಳಿಸಿತು. ಆದರೆ ರೇಡಿಯೊದಿಂದಲ್ಲ, ಕಿಟಕಿಯಿಂದ.

ಗುಂಯ್ ಸದ್ದಿನ ಮೂಲ ಬೇಗ ಸಿಕ್ಕಿತು. ಸಾಕೆಟ್ಟಿನ ಕರೆಂಟಿನಲ್ಲಿ ಇಂಜಿನ್ನಿನ ಗದ್ದಲವೂ ಬೆರೆತು ಬರುತ್ತಿತ್ತು. ಫ್ಯೂಸ್ ಹಾಕಿದ ವೈರನ್ನು ನೇರ ಬ್ಯಾಟರಿಗೆ ಬೆಸೆದ ಮೇಲೆ ಸಂಗೀತ ನಿಂತಿತು. ಸಾಲ್ಡರಿಂಗ್ ಕಡ್ಡಿ ಹಿಡಿದದ್ದು ನಾನೇ. ಹೆಬ್ಬೆರಳು ಸುಟ್ಟುಕೊಂಡು ಅದನ್ನು ಮನೆಯವರಿಗೆಲ್ಲ ತೋರಿಸಿದೆ. ಆಂಟೆನಾದ ಬುಡಕ್ಕೆ ಗಾಡಿಯ ಲೋಹ ಮುಟ್ಟಬೇಕು, ಇಲ್ಲದಿದ್ದರೆ ಅರ್ತ್ ಸಿಗುವುದಿಲ್ಲ ಎಂದು ಎಲ್ಲೋ ಓದಿ, ಬಣ್ಣ ಕೆರೆದು ಲೋಹಕ್ಕೆ ಲೋಹ ಕೂರಿಸಿದೆವು. ಆದರೂ ರೇಡಿಯೊ ತೆಪ್ಪಗೆ ಕೂತಿತ್ತು. ದೀಪ ಉರಿಯುತ್ತದೆ, ನಂಬರು ತೋರಿಸುತ್ತದೆ. ಮಾತು ಮಾತ್ರ ಇಲ್ಲ. ಮನೆಯೊಳಗೆ ಅತ್ತೆ, ಪೋರ್ಚಿನಲ್ಲಿ ಇದು.

ಸೆಲ್ವಂ ಬಳಿ ಕಾರಣಗಳಿಗೇನೂ ಬರವಿರಲಿಲ್ಲ. ಮೊದಲ ದಿನ ಮೈಕಿನ ತಪ್ಪು ಅಂದರು. ಮರುದಿನ ಹವೆಯ ತಪ್ಪು. ಅದರ ಮರುದಿನ ನಮ್ಮ ಪೋರ್ಚಿನ ಜಿಂಕ್ ಶೀಟಿನ ಮಾಡು ಅಲೆಗಳನ್ನು ನುಂಗುತ್ತಿದೆ ಅಂದರು. ನಾನು ಪ್ರತಿಯೊಂದಕ್ಕೂ ತಲೆದೂಗಿ, ಒಳಗೆ ಹೋಗಿ ಸುಮಾಳಿಗೆ ಅದನ್ನು ನನ್ನದೇ ಸಂಶೋಧನೆಯ ಹಾಗೆ ವಿವರಿಸುತ್ತಿದ್ದೆ.

ಪವಾಡ ನಡೆದದ್ದು ಅತ್ತೆಯನ್ನು ಡಾಕ್ಟರಿಗೆ ತೋರಿಸಲು ಹೊರಟ ಬೆಳಿಗ್ಗೆ. ನಮ್ಮ ಪೋರ್ಚು ಇಕ್ಕಟ್ಟು. ಗಾಡಿಯ ಎಡಮಗ್ಗುಲು ಗೋಡೆಗೆ ಒತ್ತಿಕೊಂಡೇ ನಿಲ್ಲುತ್ತದೆ. ಹಾಗಾಗಿ ಪಿಕಪ್ಪನ್ನು ಗೇಟಿನ ಹೊರಗೆ ತಂದು ಅತ್ತೆಯನ್ನು ಹತ್ತಿಸಬೇಕಿತ್ತು. ಸೆಟ್ಟು ಹಚ್ಚಿಯೇ ಇತ್ತು. ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಒಂದು ಕಾಲು ಮೆಟ್ಟಿಲ ಮೇಲಿಟ್ಟರು.

ಕರ್ರ್ ಎಂದು ರೇಡಿಯೊ ಬಾಯಿಬಿಟ್ಟಿತು. ಮಲಯ್ ಭಾಷೆಯಲ್ಲಿ ಒಬ್ಬ ಗಂಡಸು ಇನ್ನೊಬ್ಬನಿಗೆ, ತನ್ನ ಬಲೆ ಹರಿದಿದೆ, ಹೆಂಡತಿಗೆ ಹೇಳಬೇಡ ಅನ್ನುತ್ತಿದ್ದ. ಬಂದರಿನ ಆಚೆಯ ಮೀನುಗಾರರು! ಅತ್ತೆ ಒಂದು ಕಾಲಿನ ಮೇಲೆ ಹಾಗೆಯೇ ನಿಂತರು. “ಯಾರೋ ಇದು?” ಅಂದರು. ಎಷ್ಟೋ ದಿನಗಳ ಮೇಲೆ ಅವರು ತಾವಾಗಿ ಆಡಿದ ಮಾತು.

“ಹತ್ತಿ ಅತ್ತೆ, ಹತ್ತಿ!” ಅಂದೆ. ಅವರು ಹತ್ತಿ, ಕೂತು, ಬಾಗಿಲೆಳೆದುಕೊಂಡರು. ರೇಡಿಯೊ ಸತ್ತಿತು.

ಡಾಕ್ಟರಿಗೆ ತೋರಿಸಿ ಬಂದದ್ದೇ ತಡ, ಸೆಲ್ವಂಗೆ ವರದಿ ಒಪ್ಪಿಸಿದೆ. “ನಾನ್ ಸೊನ್ನೇನೇ! ಹೇಳಿದ್ದೆನಲ್ಲ, ಜಿಂಕ್ ಮಾಡು!” ಎಂದು ಕುಣಿದಾಡಿದರು. ಗಾಡಿಯನ್ನು ಮತ್ತೆ ಗೇಟಿನ ಹೊರಗೆ, ಬಯಲಿಗೆ ತಂದು ಇಬ್ಬರೂ ಉಸಿರು ಬಿಗಿಹಿಡಿದು ಕಾದೆವು. ಏನೂ ಇಲ್ಲ. ಅತ್ತೆ ಕಿಟಕಿಯಿಂದ ಇದನ್ನೆಲ್ಲ ನೋಡುತ್ತಿದ್ದರು. ಚಪ್ಪಲಿ ಮೆಟ್ಟಿಕೊಂಡು ಬಂದು, ಎಡಬಾಗಿಲು ತೆಗೆದು ಮೆಟ್ಟಿಲ ಮೇಲೆ ಕಾಲಿಟ್ಟರು. ಕರ್ರ್!

ಸೆಲ್ವಂ ಮುಖದಲ್ಲಿ ಭಕ್ತಿ ಮೂಡಿತು. ಆದರೂ ಮೇಷ್ಟ್ರಲ್ಲವೇ, ಪರೀಕ್ಷೆ ಮಾಡದೆ ಬಿಡುವುದಿಲ್ಲ. “ಅಮ್ಮನ ಕೈಯಲ್ಲಿ ಚಿನ್ನದ ಬಳೆ ಇದೆ. ಚಿನ್ನ ಒಳ್ಳೇ ವಾಹಕ. ಅಮ್ಮಾ, ಬಳೆ ಇರೋ ಕೈ ಮೇಲೆತ್ತಿ,” ಅಂದರು. ಅತ್ತೆ ಬಸ್ಸಿನ ಕಂಬಿ ಹಿಡಿದವರ ಹಾಗೆ ಕೈಯೆತ್ತಿದರು. ರೇಡಿಯೊ ಮಾತಾಡಿತು. “ಈಗ ಬಳೆ ತೆಗೀರಿ.” ಅತ್ತೆ ಬಳೆ ತೆಗೆದು ನನ್ನ ಕೈಗೆ ಕೊಟ್ಟರು. ರೇಡಿಯೊ ಮಾತಾಡುತ್ತಲೇ ಇತ್ತು. “ಸರಿ,” ಅಂದರು ಸೆಲ್ವಂ, ತಮ್ಮ ಮಾಸ್ಕನ್ನು ಸರಿಮಾಡಿಕೊಳ್ಳುತ್ತ, “ಬಳೆ ಅಲ್ಲ. ಅಮ್ಮನೇ.”

ಅತ್ತೆಯ ಮುಖ ಅರಳಿತು. “ನಾನು ಎಕ್ಸ್‌ಚೇಂಜಿಗೆ ಸೇರಿದ ದಿನಾನೂ ಹಾಗೇ ಆಗಿತ್ತು ಕಣೋ. ಕೆಟ್ಟು ಕೂತಿದ್ದ ಟ್ರಂಕ್ ಲೈನು ನಾನು ಒಳಗೆ ಕಾಲಿಟ್ಟ ತಕ್ಷಣ ಸರಿಹೋಯ್ತು. ಸೂಪರ್‌ವೈಸರು ನನ್ನ ಕಾಲ್ಗುಣ ಅಂತಲೇ ಹೇಳಿದ್ರು,” ಅಂದರು. ಆ ಸಂಜೆ ಊಟದ ಹೊತ್ತಿಗೆ ಅರಸೀಕೆರೆ ಎಕ್ಸ್‌ಚೇಂಜಿನ ಇನ್ನೂ ಹಲವು ಕತೆಗಳು ಬಂದವು. ಸುಮಾ ಬಡಿಸುವುದನ್ನು ಮರೆತು ಕೇಳುತ್ತ ನಿಂತಿದ್ದಳು.

ಎರಡು ಮೂರು ದಿನ ಅತ್ತೆ ಬೆಳಿಗ್ಗೆ ಸಂಜೆ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತರು, ನಾವು ಮೀನುಗಾರರ ಮಾತು ಕೇಳಿಸಿಕೊಂಡೆವು. ನಾಲ್ಕನೆಯ ಸಂಜೆಗೆ ಸೊಳ್ಳೆ ಕಾಟ ಜೋರಾಯಿತು. ಅತ್ತೆ ಒಳಗೆ ಹೋಗಿದ್ದರು, ಎಡಬಾಗಿಲು ತೆರೆದೇ ಇತ್ತು. ರೇಡಿಯೊ ಇನ್ನೂ ಮಾತಾಡುತ್ತಿತ್ತು. ಅತ್ತೆ ಇಲ್ಲದೆಯೇ ಮಾತಾಡುತ್ತಿದೆ ಎನ್ನುವುದು ನನ್ನ ತಲೆಗೆ ಇಳಿಯುವ ಮೊದಲೇ ಕೈ ಬಾಗಿಲನ್ನು ಎಳೆದುಕೊಂಡಿತು. ಸದ್ದು ನಿಂತಿತು. ತೆರೆದೆ. ಬಂತು. ಮುಚ್ಚಿದೆ. ಹೋಯಿತು. ಬಗ್ಗಿ ನೋಡಿದರೆ ಸಂದಿಯಿಂದ ಒಳಗೆ ತಂದಿದ್ದ ಕೇಬಲು ಬಾಗಿಲ ಅಂಚಿಗೆ ಸಿಕ್ಕಿ ಜಜ್ಜಿಹೋಗಿತ್ತು. ಬಾಗಿಲು ಮುಚ್ಚಿದಾಗಲೆಲ್ಲ ಒಳಗಿನ ತಂತಿಗೆ ಹೊರಗಿನ ಜಾಲರಿ ತಾಗಿ ಶಾರ್ಟ್ ಆಗುತ್ತಿತ್ತು. ಪೋರ್ಚಿನಲ್ಲಿ ಆ ಬಾಗಿಲು ತೆರೆಯಲು ಜಾಗವೇ ಇಲ್ಲವಾದ್ದರಿಂದ ನಮಗದು ಗೊತ್ತೇ ಆಗಿರಲಿಲ್ಲ.

ಬೇರೆ ಕೇಬಲು ತಂದು, ಕ್ಯಾಬಿನ್ನಿನ ಹಿಂದಿನ ರಬ್ಬರ್ ಬಿರಡೆಯ ಮೂಲಕ ಎಳೆದು, ಎಲ್ಲ ಬಾಗಿಲುಗಳನ್ನೂ ಮುಚ್ಚಿ ಕೂತೆವು. ಸೆಲ್ವಂ ದನಿ ಮೊದಲ ಬಾರಿಗೆ ರೇಡಿಯೊದಿಂದಲೇ ಬಂತು. ಕಿಟಕಿಯಿಂದಲೂ ಬಂತು, ಅದು ಬೇರೆ ಮಾತು. ಅತ್ತೆಗೆ ವಿಷಯ ತಿಳಿಸಿದಾಗ ಕಿಟಕಿಯ ಹತ್ತಿರದ ಕುರ್ಚಿಯ ಕಡೆ ನೋಡಿದರು. ಮತ್ತೆ ಅಲ್ಲಿಗೇ ಹೋಗಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಅವರು, “ಬಾಗಿಲು ತೆಗೆದಿದ್ದು ಯಾರು?” ಅಂದರು. “ನೀವೇ ಅತ್ತೆ.” “ಮತ್ತೆ?” ಅಂದು ಒಳಗೆ ಹೋದರು.

ಅದಾಗಿ ಒಂದು ವಾರಕ್ಕೆ ಅತ್ತೆಯ ಬೇಡಿಕೆ ಬಂತು. ಗಾಡಿಯಲ್ಲಿ ಯಾಕೆ, ಮನೆಗೇ ಒಂದು ಹಾಕಿಸಿ. ಸೆಲ್ವಂ ಭಕ್ತಿಯಿಂದ ಇನ್ನೊಂದು ಸೆಟ್ಟು ತಂದರು. ಮಹಡಿಯ ಕೋಣೆಯಲ್ಲಿ ಮೇಜಿನ ಮೇಲೆ ಕೂರಿಸಿ, ಮನೆಯ ನೆತ್ತಿಗೆ ಉದ್ದದ ಆಂಟೆನಾ ಏರಿಸಿದೆವು. ನಾವು ಪಿಕಪ್ಪುಗಳಲ್ಲಿ ತೋಟದೊಳಗೆ ಅಲೆಯುವಾಗ ಅತ್ತೆ ಮನೆಯಲ್ಲಿ ಕೂತು ಯಾರು ಎಲ್ಲಿದ್ದಾರೆ, ಯಾರ ಗಾಡಿಯಲ್ಲಿ ಎಷ್ಟು ಅಕ್ಕಿ ಉಳಿದಿದೆ ವಿಚಾರಿಸುತ್ತಿದ್ದರು. ಮೈಕಿನ ಗುಂಡಿ ಒತ್ತುವ ಮುನ್ನ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ದನಿ ಬದಲಾಗುತ್ತಿತ್ತು. ಮನೆಯಲ್ಲಿ “ಏನೋ, ಹೋಗೋ” ಅನ್ನುವ ಅತ್ತೆ ಮೈಕಿನ ಮುಂದೆ ಇಪ್ಪತ್ತೈದರ ಆಪರೇಟರ್. ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಕ್ಸ್‌ಚೇಂಜಿನ ರೂಢಿಯಂತೆ ಎಲ್ಲರೂ ಪಾರ್ಟಿಗಳೇ. “ಪಾರ್ಟಿ ಆನ್ ದ ಲೈನ್, ಸ್ಪೀಕ್ ಪ್ಲೀಸ್.” ಕಾಯಿಸಬೇಕಾದರೆ ಮಲಯ್ ಭಾಷೆಯಲ್ಲಿ, “ತುಂಗು, ತುಂಗು.” ನಾಲ್ಕು ಭಾಷೆಗಳ ಹರಕು ತುಂಡುಗಳನ್ನು ಹೊಲಿದು ಅವರು ಒಂದು ಚೆಂದದ ಕೌದಿ ಮಾಡಿಕೊಂಡಿದ್ದರು. ಸಂಜೆ ಮೀನುಗಾರರ ಸರದಿ. ಏಕಾದಶಿಯಂದು ಈರುಳ್ಳಿಯನ್ನೂ ಮುಟ್ಟದ ನಮ್ಮತ್ತೆ, ಯಾವ ದೋಣಿಗೆ ತೆಂಗಿರಿ ಮೀನು ಬಿತ್ತು, ಯಾರದು ಬರೀ ಸೀಗಡಿ ಎಂದು ಊಟದ ಹೊತ್ತಿಗೆ ಹೇಳುತ್ತಿದ್ದರು.

ನಾನು ಮಾತ್ರ ಮೈಕು ಹಿಡಿದರೆ ತೊದಲುತ್ತಿದ್ದೆ. ಬದುಕೆಲ್ಲ ಟೈಪ್ ಮಾಡಿ, ಓದಿ, ಅಳಿಸಿ, ಮತ್ತೆ ಟೈಪ್ ಮಾಡಿ ಕಳಿಸಿದವನು. ಗಾಳಿಗೆ ಬಿಟ್ಟ ಮಾತನ್ನು ಅಳಿಸುವುದು ಹೇಗೆ? “ರೋಜರ್” ಅನ್ನುವುದೊಂದನ್ನು ಕಲಿತು, ಎಲ್ಲದಕ್ಕೂ ಅದನ್ನೇ ಅನ್ನುತ್ತಿದ್ದೆ. ಗಾಡಿ ಕೆಟ್ಟಿದೆಯಾ ಅಂದರೂ ರೋಜರ್, ಊಟ ಆಯಿತಾ ಅಂದರೂ ರೋಜರ್.

ಹೀಗೆ ವರ್ಷ ಹೊರಳಿತು. ಒಮ್ಮೆ ವಿಮಾನ ಸಿಗುವಂತಾದಾಗ ಊರಿನಲ್ಲಿ ಕಾಯಿಲೆಯ ಎರಡನೇ ಅಲೆ ಎದ್ದು, ಕಳಿಸಲು ನಮಗೇ ಧೈರ್ಯವಾಗಲಿಲ್ಲ. ಕೊನೆಗೆ ಜನವರಿಗೆ ಟಿಕೆಟ್ಟಾಯಿತು. ಅದರ ಹಿಂದಿನ ತಿಂಗಳು ಆ ಮಳೆ ಬಂತು.

ಇಲ್ಲಿ ಮಳೆ ಯಾವಾಗಲೂ ಬರುತ್ತದೆ, ಅರ್ಧ ಗಂಟೆ ಅಬ್ಬರಿಸಿ ಹೋಗುತ್ತದೆ. ಅದು ಹೋಗಲೇ ಇಲ್ಲ. ಹಗಲೂ ರಾತ್ರಿ ಒಂದೇ ಸಮ ಸುರಿಯಿತು. ನಮ್ಮ ಬಡಾವಣೆ ಕೊಂಚ ಎತ್ತರದಲ್ಲಿದ್ದುದರಿಂದ ನೀರು ಗೇಟಿನ ತನಕ ಬಂದು ನಿಂತಿತು. ಬೆಳಿಗ್ಗೆ ಕರೆಂಟು ಹೋಯಿತು, ಆಮೇಲೆ ಮೊಬೈಲುಗಳೂ ಒಂದೊಂದಾಗಿ ಸತ್ತವು. ಸೆಲ್ವಂ ಅವರ ಹೆಂಡತಿ ಪಾರ್ವತಿ ಅಕ್ಕ ಹಿಂದಿನ ದಿನವಷ್ಟೇ ತಗ್ಗು ಪ್ರದೇಶದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದರು. ಗಂಡ ಹೆಂಡಿರ ನಡುವೆ ಯಾವುದೋ ಮಾತಿಗೆ ಜಗಳವಾಗಿ, ಇವರು “ಹೋಗೋದಿದ್ರೆ ನೀನೊಬ್ಬಳೇ ಹೋಗು” ಅಂದಿದ್ದರು. ನಮ್ಮ ಗೋಡೆ ತೆಳು, ಅವರ ದನಿ ದೊಡ್ಡದು. ನಮಗೆಲ್ಲ ಕೇಳಿಸಿತ್ತು.

ಸೆಲ್ವಂ ಬೆಳಕು ಹರಿಯುತ್ತಲೇ ಪಿಕಪ್ ತೆಗೆದುಕೊಂಡು ನೀರಿನೊಳಗೆ ಹೋದರು. ನಾನೂ ಹೊರಟೆ. ಆದರೆ ಅತ್ತೆ ಅಡ್ಡ ಬಂದು, “ಕರೆಂಟಿಲ್ಲ. ನನ್ನ ಸೆಟ್ಟಿಗೆ ನಿನ್ನ ಗಾಡಿಯ ಬ್ಯಾಟರಿ ಬಿಚ್ಚಿ ಕೊಡು,” ಅಂದರು. ಕೊಟ್ಟೆ. ಹೀಗಾಗಿ ಇಡೀ ಊರು ಮುಳುಗಿದ ದಿನ ನನ್ನ ಶೌರ್ಯವೆಲ್ಲ ಒಂದು ಬ್ಯಾಟರಿಯಾಗಿ ಅತ್ತೆಯ ಕಾಲ ಬಳಿ ಕೂತಿತ್ತು. ನಾನು ಅವರಿಗೆ ಕಾಫಿ ಕೊಡುತ್ತ ಮಗ್ಗುಲಲ್ಲಿ ನಿಂತಿದ್ದೆ.

ಅಂದು ಅತ್ತೆ ಕುರ್ಚಿ ಬಿಟ್ಟು ಏಳಲಿಲ್ಲ. ಗಾಡಿಯಿಂದ ಗಾಡಿಗೆ ಮಾತು ದಾಟುತ್ತಿರಲಿಲ್ಲ, ನಡುವೆ ಕಟ್ಟಡಗಳು, ದೂರ. ಆದರೆ ನಮ್ಮ ನೆತ್ತಿಯ ಆಂಟೆನಾ ಎಲ್ಲರಿಗೂ ಎಟುಕುತ್ತಿತ್ತು. ಒಬ್ಬರದ್ದನ್ನು ಕೇಳಿ ಇನ್ನೊಬ್ಬರಿಗೆ ದಾಟಿಸಬೇಕು. ಯಾವ ಬೀದಿಯಲ್ಲಿ ಮುದುಕರಿದ್ದಾರೆ, ಯಾವ ಸೇತುವೆ ಮುಳುಗಿದೆ, ಯಾರ ಗಾಡಿಯಲ್ಲಿ ಜಾಗವಿದೆ, ಅತ್ತೆ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಜೋಡಿಸುತ್ತಿದ್ದರು. ಒಮ್ಮೆಯೂ ದನಿ ಏರಲಿಲ್ಲ. ನಡುನಡುವೆ ಸೆಲ್ವಂ ಬರುತ್ತಿದ್ದರು. ಒಂದು ಮೇಲ್ಸೇತುವೆಯ ತನಕ ಹೋಗಿ ಸಿಕ್ಕಿಬಿದ್ದಿದ್ದರು, ಮುಂದೆ ಆಳ ನೀರು. ಆ ದೊಡ್ಡ ದನಿ ಸಣ್ಣದಾಗಿತ್ತು. “ಅಮ್ಮಾ, ಏನಾದ್ರೂ ಗೊತ್ತಾಯ್ತಾ?” “ಇನ್ನೂ ಇಲ್ಲ. ಲೈನಲ್ಲೇ ಇರಿ.”

ಮಧ್ಯಾಹ್ನ ಕಳೆದ ಮೇಲೆ ರೋಸ್ಲಿಯ ದನಿ ಬಂತು. ಅವನು ನಮ್ಮ ತಂಡದ ಮಲಯ್ ಗೆಳೆಯ. ಎತ್ತರದ ಚಕ್ರದ ಪಿಕಪ್ಪಿನವನು. ಒಂದು ಶಾಲೆಯ ಮಹಡಿಗೆ ಕೆಲವರನ್ನು ಸೇರಿಸಿದ್ದೇನೆ, ಒಬ್ಬ ಹೆಂಗಸು ತನ್ನ ಗಂಡ ಪಿ.ಟಿ. ಮೇಷ್ಟ್ರು ಅನ್ನುತ್ತಿದ್ದಾಳೆ, ಅಂದ. ನಾನು ಕಾಫಿ ಲೋಟ ಕೆಳಗಿಟ್ಟೆ. ಅತ್ತೆ, “ಪಾರ್ಟಿ ಕೈಗೆ ಮೈಕು ಕೊಡಿ,” ಅಂದರು.

ಪಾರ್ವತಿ ಅಕ್ಕ ಮೈಕು ತೆಗೆದುಕೊಂಡರು. ತಂಗಿಯ ಮನೆಯವರೆಲ್ಲ ಕ್ಷೇಮ, ತಾನೂ ಕ್ಷೇಮ. “ಅವರು ಬಿ.ಪಿ. ಮಾತ್ರೆ ತಗೊಂಡ್ರಾ ಕೇಳಿ,” ಅಂದರು.

ಅತ್ತೆ ಅದನ್ನು ಸೆಲ್ವಂಗೆ ದಾಟಿಸಿದರು. ಹೆಂಡತಿ ಸಿಕ್ಕಿದ್ದಾಳೆ, ಶಾಲೆಯ ಮಹಡಿಯಲ್ಲಿದ್ದಾಳೆ, ಮಾತ್ರೆ ವಿಚಾರಿಸಿದ್ದಾಳೆ. ಸೆಲ್ವಂ ಗುಂಡಿ ಒತ್ತಿದರು. “ಅಮ್ಮಾ, ಅವಳಿಗೆ ಹೇಳಿ... ನಾನು...” ಅಷ್ಟೇ. ಆಮೇಲೆ ಬಂದದ್ದು ಮಾತಲ್ಲ. ಮೈದಾನದಲ್ಲಿ ಸಾವಿರ ಮಕ್ಕಳನ್ನು ಒಂದೇ ಗದರಿಕೆಗೆ ಸಾಲಾಗಿ ನಿಲ್ಲಿಸಿದ ಮನುಷ್ಯ ಗುಂಡಿ ಬಿಡುವುದನ್ನೂ ಮರೆತು ಬಿಕ್ಕುತ್ತಿದ್ದರು. ಸುತ್ತಲಿನ ಗಾಡಿಗಳಿಗೆಲ್ಲ ಅದು ಕೇಳಿಸುತ್ತಿರಬೇಕು.

ಅವರ ಬೆರಳು ಸಡಿಲವಾದ ಕೂಡಲೇ ಅತ್ತೆ ಗುಂಡಿ ಒತ್ತಿದರು. “ಲೈನ್ ಕ್ಲಿಯರ್ ಇಲ್ಲ. ಲೈನ್ ನಾಟ್ ಕ್ಲಿಯರ್. ಎಲ್ಲರೂ ತುಂಗು, ಪ್ಲೀಸ್.” ಒತ್ತಿದ ಗುಂಡಿಯನ್ನು ಬಿಡಲೇ ಇಲ್ಲ. ಅವರು ಒತ್ತಿಹಿಡಿದಷ್ಟು ಹೊತ್ತು ಬೇರೆ ಯಾರೂ ಮಾತಾಡುವಂತಿಲ್ಲ, ಯಾರ ಅಳುವೂ ಯಾರಿಗೂ ಕೇಳುವಂತಿಲ್ಲ. ಕೋಣೆಯಲ್ಲಿ ಮಳೆಯ ಸದ್ದೊಂದೇ. ಬಹಳ ಹೊತ್ತಿನ ಮೇಲೆ ಬೆರಳು ತೆಗೆದು, ರೋಸ್ಲಿಯನ್ನು ಕರೆದು, ಪಾರ್ವತಿ ಅಕ್ಕನಿಗೆ ಹೇಳಿದರು: “ಪಾರ್ಟಿ ಮಾತ್ರೆ ತಗೊಂಡಿದಾರಂತೆ. ನೀವು ಅಲ್ಲೇ ಇರಬೇಕಂತೆ. ನೀರಿಳಿದ ತಕ್ಷಣ ಅವರೇ ಬಂದು ಕರ್ಕೊಂಡು ಹೋಗ್ತಾರಂತೆ.”

“ಅತ್ತೆ, ಅವರು ಹಾಗೇನೂ ಹೇಳಲಿಲ್ಲವಲ್ಲ?” ಅಂದೆ.

“ಹೇಳ್ತಿದ್ರು ಕಣೋ, ಲೈನ್ ಸರಿ ಇದ್ದಿದ್ರೆ,” ಅಂದು ಲೋಟ ಚಾಚಿದರು. “ಕಾಫಿ ಆರಿಹೋಯ್ತು. ಬಿಸಿ ಮಾಡ್ಕೊಂಡು ಬಾ.”

ಮರುದಿನ ನೀರಿಳಿಯಿತು. ಸೆಲ್ವಂ ಹೆಂಡತಿಯನ್ನು ಮನೆಗೆ ಕರೆತಂದರು. ಗೇಟಿನ ಬಳಿ ಪಾರ್ವತಿ ಅಕ್ಕ ಗಂಡನಿಗೆ ಬೈಯುತ್ತಿದ್ದರು, ಅವರು ತಲೆತಗ್ಗಿಸಿ ಒಣ ಬಟ್ಟೆಯ ಚೀಲ ಹೊತ್ತು ನಡೆಯುತ್ತಿದ್ದರು. ಇಬ್ಬರ ಮುಖದಲ್ಲೂ ಬೆಳಕಿತ್ತು.

ಕೆಸರು ಬಳಿದು ಮುಗಿದ ಮೇಲೆ ಒಂದು ಸಂಜೆ ರೋಸ್ಲಿ ಹೆಂಡತಿಯ ಜತೆ ನಮ್ಮ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ ರೊಟ್ಟಿಯ ಪೊಟ್ಟಣ. ಬಾಗಿಲು ತೆಗೆದದ್ದು ಅತ್ತೆಯೇ. ನೈಟಿಯ ಮೇಲೆ ಟವೆಲು, ತಲೆಗೆ ಎಣ್ಣೆ. ಅವನು 'ಮಿಸ್ ಕಮಲಾ' ಎನ್ನುವ ಹುಡುಗಿಯನ್ನು ನೋಡಬೇಕು, ಧನ್ಯವಾದ ಹೇಳಬೇಕು ಅಂದ. ಅತ್ತೆ ತಮ್ಮ ಎಣ್ಣೆ ತಲೆ ಮುಟ್ಟಿ ನೋಡಿಕೊಂಡರು. ಆಮೇಲೆ ಅದೇ ಇಪ್ಪತ್ತೈದರ ದನಿಯಲ್ಲಿ, “ಸಾರಿ, ಪಾರ್ಟಿ ಔಟ್ ಆಫ್ ಸ್ಟೇಷನ್,” ಅಂದರು. ರೋಸ್ಲಿ ಕಣ್ಣರಳಿಸಿದ. ಒಂದು ಕ್ಷಣ ಬಿಟ್ಟು, ಬಾಗಿಲಲ್ಲೇ ಕೂತು ನಗತೊಡಗಿದ. ಅವನ ಹೆಂಡತಿ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಅತ್ತೆ ಕೈ ಬಿಡಿಸಿಕೊಳ್ಳಲಿಲ್ಲ.

ಜನವರಿಯಲ್ಲಿ ಅತ್ತೆ ಹೋದರು. ಮಹಡಿಯ ಸೆಟ್ಟನ್ನು ಸೆಲ್ವಂ ಒಯ್ದರು. ನನ್ನ ಪಿಕಪ್ಪಿನದ್ದು ಅಲ್ಲೇ ಉಳಿಯಿತು. ಆಫೀಸು ತೆರೆಯಿತು, ಮೊಬೈಲು ಎಲ್ಲ ಕಡೆ ಸಿಗತೊಡಗಿತು. ಸೆಟ್ಟಿನ ಮೇಲೆ ಧೂಳು ಕೂತದ್ದು ನನಗೆ ತಿಳಿಯಲೇ ಇಲ್ಲ.

ಮೊನ್ನೆ, ಅಂದರೆ ಆ ರಿಪೇರಿ ಅಂಗಡಿಯಿಂದ ಬಂದ ಮರುದಿನ, ಬಂದರಿನ ದಾರಿಯಲ್ಲಿ ಕಂಟೇನರ್ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡಿದ್ದೆ. ಯಾಕೋ ಸೆಟ್ಟು ಹಚ್ಚಿದೆ. ಸ್ವಲ್ಪ ಹೊತ್ತು ಬರೀ ಸೊಯ್ ಸದ್ದು. ಆಮೇಲೆ ಯಾರೋ ಮೀನುಗಾರ, ವಯಸ್ಸಾದ ದನಿ. ದಡದಲ್ಲಿ ಯಾರಾದರೂ ಇದ್ದೀರಾ, ಅಲ್ಲಿ ಮಳೆಯಾ, ಎಂದು ಕೇಳುತ್ತಿದ್ದ. ಒಮ್ಮೆ ಕೇಳಿದ. ಯಾರೂ ಉತ್ತರಿಸಲಿಲ್ಲ. ಮತ್ತೆ ಕೇಳಿದ. ನಾನು ಗಾಜಿನ ಆಚೆ ಆಕಾಶ ನೋಡಿದೆ. ಮೈಕು ಕೈಗೆ ತೆಗೆದುಕೊಂಡು, ನನ್ನ ಹರಕು ಮಲಯ್ ಭಾಷೆಯಲ್ಲಿ, ಚಿಕ್ಕಪ್ಪ ಎಂದು ಕರೆದು, “ಇಲ್ಲ ಪಾಕ್ ಚಿಕ್, ಇಲ್ಲಿ ಬಿಸಿಲಿದೆ. ಬೆಟ್ಟದ ಕಡೆ ಮಾತ್ರ ಕಪ್ಪು ಮೋಡ. ಬೇಗ ಬನ್ನಿ,” ಅಂದೆ. “ತೆರಿಮಾ ಕಾಸಿ, ಮಗಾ,” ಅಂತ ಧನ್ಯವಾದದ ಉತ್ತರ ಬಂತು. ಹಿಂದಿನ ಲಾರಿಯವನು ಹಾರನ್ ಹೊಡೆಯುವ ತನಕ ನಾನು ಮೈಕು ಹಿಡಿದೇ ಕೂತಿದ್ದೆ.

ಆಫೀಸು ತಲುಪಿದ ಮೇಲೆ ಅರಸೀಕೆರೆಗೆ ಫೋನ್ ಮಾಡಿದೆ. ಮುಖ ಕಾಣದ ಫೋನು. ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡರು.

“ಪಾರ್ಟಿ ಹೆಸರೇನು?” ಅಂದರು.

“ಕೇಳಲಿಲ್ಲ ಅತ್ತೆ.”

“ಹೆಸರೂ ಕೇಳದೆ ಲೈನ್ ಇಟ್ಟುಬಿಟ್ಟೆಯೇನೋ? ದಡ ಸೇರಿದನೋ ಇಲ್ಲವೋ, ಯಾರನ್ನ ಅಂತ ವಿಚಾರಿಸ್ತೀಯ ಈಗ?”

ಆ ಸಂಜೆ ನಾನು ಮನೆಗೆ ಸೀದಾ ಹೋಗಲಿಲ್ಲ. ಜೆಟ್ಟಿಯ ಹತ್ತಿರ ಗಾಡಿ ನಿಲ್ಲಿಸಿ, ಸೆಟ್ಟು ಹಚ್ಚಿ, ಬೆಳಿಗ್ಗೆ ಮಳೆಯ ಬಗ್ಗೆ ಕೇಳಿದವರು ಯಾರು, ದಡ ಸೇರಿದಿರಾ, ಎಂದು ಕೇಳಿದೆ. ಗುಂಡಿ ಬಿಟ್ಟು ಕಾದೆ. ಮೊದಲು ಒಬ್ಬ, ಆಮೇಲೆ ಇನ್ನೊಬ್ಬ, ಆಮೇಲೆ ಮೂರು ನಾಲ್ಕು ಜನ ಒಟ್ಟಿಗೆ, ನಾನು ಸೇರಿದೆ, ನಾನೂ ಸೇರಿದೆ, ಎಂದು ತಮ್ಮ ತಮ್ಮ ಹೆಸರು ಹೇಳತೊಡಗಿದರು.